ಚಾರ್ಜು ಹತ್ತದ ಟ್ರ್ಯಾಕ್ಟರು

ಡೀಸೆಲ್ ಇಂಜಿನ್ನಿಗೆ ಒಮ್ಮೆ ಚಾಲನೆ ದೊರೆತರೆ ಸಾಕು, ಮತ್ತೆ ವಿದ್ಯುತ್ತಿನ ಹಂಗು ಅದಕ್ಕಿಲ್ಲ. ಕಿಡಿಯ ನೆರವಿಲ್ಲದೆ, ಒತ್ತಿದ ಗಾಳಿಯ ಕಾವಿನಿಂದಲೇ ಎಣ್ಣೆಯನ್ನು ಉರಿಸಿಕೊಂಡು, ಬ್ಯಾಟರಿಗೆ ಚಾರ್ಜು ಕೊಡುವ ಡೈನಮೋ ಸತ್ತಿದ್ದರೂ ಅದು ಸಂಜೆಯವರೆಗೆ ನಿರಾತಂಕವಾಗಿ ಉತ್ತುಬಿಡುತ್ತದೆ. ಆದುದರಿಂದಲೇ ಚಾರ್ಜಿನ ವ್ಯಾಧಿ ಬಯಲಾಗುವುದು ಮರುದಿನ ಬೆಳಿಗ್ಗೆ, ಸೆಲ್ಫ್ ಹೊಡೆದಾಗ. ತಳ್ಳುವುದಕ್ಕೆ ಜನ ಕೂಡಿದಲ್ಲಿ ಅಭಿಪ್ರಾಯಗಳೂ ಕೂಡುತ್ತವೆ. "ಬ್ಯಾಟರಿ ಹೋಗಿದೆ ಸ್ವಾಮಿ, ಹೊಸದು ಹಾಕಿಸಿಬಿಡಿ" ಎಂಬುದು ಸಾಮಾನ್ಯವಾಗಿ ಬಹುಮತದ ತೀರ್ಪು.

ಆ ತೀರ್ಪಿಗೆ ಆತುರಪಡದೆ, ಅಪರಾಧಿಯನ್ನು ಒಂದೊಂದೇ ಹೆಜ್ಜೆಯಿಟ್ಟು ಅರಸುವುದರಲ್ಲಿಯೇ ನನಗೆ ರಸವಿರುವುದು. 1957ರಲ್ಲಿ ಬಂದ ಮ್ಯಾಸಿ ಫರ್ಗುಸನ್ 35ರ ಪೀಳಿಗೆಯದು ನನ್ನ ಮುದಿ ಬಂಡಿ. ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಬಂಡಿಯ ಮೈಗೆ ಅರ್ಥ್ ಮಾಡುವುದು ಅದರ ಕುಲಾಚಾರ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲವನ್ನು ನೋಡುವುದು, ಟರ್ಮಿನಲ್ಲುಗಳ ಮೇಲೆ ಬೆಳೆದ ಬಿಳಿಹಸಿರು ಬೂಷ್ಟನ್ನು ಬಿಸಿನೀರಿನಿಂದ ತೊಳೆದು ಸೀಸ ಹೊಳೆಯುವವರೆಗೆ ಕೆರೆಯುವುದು, ಬಣ್ಣದ ಮೇಲೆಯೇ ಬಿಗಿದ ಅರ್ಥ್ ಪಟ್ಟಿಯನ್ನು ಬಿಚ್ಚಿ ಬರಿಯ ಕಬ್ಬಿಣಕ್ಕೆ ತಾಗಿಸುವುದು: ಅರ್ಧಕ್ಕರ್ಧ ರೋಗಗಳು ಇಷ್ಟರಲ್ಲಿಯೇ ವಾಸಿಯಾಗುತ್ತವೆ.

ವಾಸಿಯಾಗದಿದ್ದರೆ, ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಸಂತೋಷ. ಏಕೆಂದರೆ ಆಗ ಡೈನಮೋವನ್ನೇ ವಿಚಾರಿಸುವ ಸುಯೋಗ ಒದಗುತ್ತದೆ. ಅದರ ದೊಡ್ಡ ಮೊಳೆ 'ಡಿ', ಚಿಕ್ಕದು 'ಎಫ್'. ಎರಡರ ತಂತಿಗಳನ್ನೂ ಕಳಚಿ, ಮೊಳೆಗಳನ್ನು ಒಂದು ತುಂಡು ತಾಮ್ರದ ತಂತಿಯಿಂದ ಕೂಡಿಸಿ, ಅಲ್ಲಿಂದ ಬಂಡಿಯ ಮೈಗೆ ವೋಲ್ಟ್‌ಮೀಟರ್ ಹಿಡಿದು, ಇಂಜಿನ್ನಿನ ವೇಗವನ್ನು ಮೆಲ್ಲಮೆಲ್ಲನೆ ಏರಿಸಬೇಕು. ಮುಳ್ಳು ತಡೆಯಿಲ್ಲದೆ ಏರಿ 20 ವೋಲ್ಟಿನ ಸಮೀಪಕ್ಕೆ ಬಂದರೆ ಡೈನಮೋ ನಿರ್ದೋಷಿ. ಅಲ್ಲಿಗೇ ವೇಗವನ್ನು ನಿಲ್ಲಿಸತಕ್ಕದ್ದು. ಒಂದು ವೋಲ್ಟಿನಷ್ಟರಲ್ಲಿಯೇ ತಡವರಿಸಿದರೆ ಫೀಲ್ಡ್ ಸುತ್ತಿನ ಮೇಲೆ ಸಂಶಯ. ನಾಲ್ಕೈದಕ್ಕೆ ಬಂದು ನಿಂತರೆ ಆರ್ಮೇಚರಿನ ಮೇಲೆ. ಅಲುಗದೆಯೇ ಇದ್ದರೆ ಪ್ರಥಮತಃ ಸವೆದ ಕಾರ್ಬನ್ನುಗಳ ಮೇಲೆ. ಇಷ್ಟು ಅಲ್ಪ ಸಾಮಗ್ರಿಗೆ ಇಷ್ಟು ಖಚಿತವಾದ ಉತ್ತರವನ್ನು ಕೊಡುವ ಯಂತ್ರಗಳು ವಿರಳ.

ಕೆಲವೊಮ್ಮೆ ಯಾವ ಅಂಗಕ್ಕೂ ಊನವಿರುವುದಿಲ್ಲ. ಬಹುದಿನ ನಿಂತು ಡೈನಮೋದ ಕಬ್ಬಿಣದಲ್ಲಿ ಉಳಿದಿದ್ದ ಅಲ್ಪ ಕಾಂತತ್ವವೂ ಮಾಸಿರುತ್ತದೆ, ಅಥವಾ ಯಾರೋ ಬ್ಯಾಟರಿಯನ್ನು ತಿರುವುಮುರುವಾಗಿ ಕಟ್ಟಿ ಆ ಕಾಂತತ್ವದ ದಿಕ್ಕನ್ನೇ ಕೆಡಿಸಿರುತ್ತಾರೆ. ಆಗ ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ಒಂದು ತಂತಿಯನ್ನು ತಂದು, ತಂತಿ ಕಳಚಿದ 'ಎಫ್' ಮೊಳೆಗೆ ಕ್ಷಣಮಾತ್ರ ತಾಗಿಸಿದರೆ ಸಣ್ಣದೊಂದು ಕಿಡಿ ಹಾರಿ, ಮರೆತ ಪಾಠ ಅದಕ್ಕೆ ಮರಳಿ ನೆನಪಾಗುತ್ತದೆ. ಡೈನಮೋ ಸರಿಯಿದ್ದೂ ಚಾರ್ಜು ಬಾರದಿದ್ದರೆ, ಅದನ್ನು ಬ್ಯಾಟರಿಗೆ ಕೂಡಿಸಿ ಕಳಚುವ ಕಟ್‌ಔಟ್ ಪೆಟ್ಟಿಗೆಯನ್ನು ತೆರೆಯಬೇಕು. ಅದರ ಪಾಯಿಂಟುಗಳನ್ನು ಉಜ್ಜಬಹುದು, ಆದರೆ ತಿಳಿಯದೆ ಸ್ಕ್ರೂ ತಿರುಗಿಸುವ ಕೈಗಳನ್ನು ದೂರವಿಡುವುದೇ ಕ್ಷೇಮ.

ಎಲ್ಲ ಮುಗಿದು ಬಂಡಿ ಹೊರಟಾಗ ಆಂಪಿಯರ್ ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿ, ಬ್ಯಾಟರಿ ತುಂಬುತ್ತ ಬಂದಂತೆ ಕ್ರಮೇಣ ಮಧ್ಯಕ್ಕೆ ಸರಿಯುತ್ತದೆ. ಅಷ್ಟರಲ್ಲಿ, ಬೆಳಿಗ್ಗೆ ತಳ್ಳಲು ಬಂದವರಲ್ಲೊಬ್ಬರು ಬಗ್ಗಿ ನೋಡಿ, "ಅಯ್ಯೋ, ಮುಳ್ಳು ಇಳೀತಾ ಇದೆಯಲ್ಲ ಸ್ವಾಮಿ, ಮತ್ತೆ ಹೋಯ್ತು!" ಎನ್ನುತ್ತಾರೆ. ಇಳಿಯುವುದೇ ಆರೋಗ್ಯದ ಲಕ್ಷಣವೆಂದು ಅವರನ್ನು ಒಪ್ಪಿಸುವುದಕ್ಕೆ ಡೈನಮೋ ರಿಪೇರಿಗಿಂತಲೂ ಹೆಚ್ಚು ಹೊತ್ತು ಹಿಡಿಯುತ್ತದೆ.