ಕೈ ತೆಗಿ ಅಪ್ಪಾ!

ತುಮಕೂರಿನ ನಮ್ಮನೆ ಶೆಡ್‌ನಲ್ಲಿ 1998ರ ಮಾರುತಿ 800 ಇದೆ. ಅಪ್ಪ ಸಾಲ ಮಾಡಿ ಕೊಂಡ ಮೊದಲ ಕಾರು. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಕಳೆದ ವರ್ಷ ಸೈಲೆನ್ಸರ್‌ನಿಂದ ನೀಲಿ ಹೊಗೆ ಶುರುವಾಯ್ತು. ಎಂಜಿನ್ ಆಯಿಲ್ ಕುಡೀತಿತ್ತು. ಇಳಿಸಿ, ಲೇತ್‌ಗೆ ಕೊಟ್ಟು ಬೋರ್ ಮಾಡಿಸದೆ ಬೇರೆ ದಾರಿ ಇರಲಿಲ್ಲ.

‘ಇಳಿಸೋಕೆ ಗ್ಯಾರೇಜ್ ಯಾಕೆ? ನಾವಿಬ್ರೇ ಮಾಡೋಣ ಬಾ’ ಅಂದ್ರು ಅಪ್ಪ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಈಗ ಅರವತ್ತೇಳು. ನಾನು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಕುಟ್ಟುವವಳು.

ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಸಮತಟ್ಟಾದ ಸಿಮೆಂಟ್ ನೆಲ, ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು. ಮೊದಲು ಬ್ಯಾಟರಿಯ ನೆಗೆಟಿವ್ ವೈರ್, ಆಮೇಲೆ ಪಾಸಿಟಿವ್. ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ರೇಡಿಯೇಟರ್ ನೀರು ಬಸಿದೆವು. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ಮುಖಕ್ಕೇ ಚಿಮ್ಮುತ್ತೆ. ಪೆಟ್ರೋಲ್ ಪೈಪ್ ಬಿಚ್ಚುವಾಗ ಅಪ್ಪ ಅಮ್ಮನ ದೇವರ ದೀಪವನ್ನೂ ಆರಿಸಿಸಿದ್ರು. ಒಂದೊಂದು ವೈರ್‌ಗೂ ನಾನು ಟೇಪ್ ಅಂಟಿಸಿ ನಂಬರ್ ಬರೆದು, ಫೋನಲ್ಲಿ ಫೋಟೋ ತೆಗೆದುಕೊಂಡೆ. ‘ಇದು ನಮ್ ಕಾಲದಲ್ಲಿ ಇರ್ಲಿಲ್ಲ ನೋಡು’ ಅಂತ ನಕ್ಕರು.

ಶೆಡ್‌ನ ಶೀಟ್ ಹೊತ್ತ ಪೈಪಿಗೆ ಎಂಜಿನ್ ತೂಗುಹಾಕೋ ಹಾಗಿಲ್ಲ. ಬೋರ್‌ವೆಲ್ ಮೋಟರ್ ಎತ್ತುವವರಿಂದ ಮೂರು ಕಾಲಿನ ಸ್ಟ್ಯಾಂಡ್, ಚೈನ್ ಬ್ಲಾಕ್ ಬಾಡಿಗೆಗೆ ತಂದಿದ್ದೆವು. ಅಲ್ಲಿವರೆಗೂ ಎಲ್ಲ ಸರಿ. ಆದರೆ ಎಂಜಿನ್‌ಗೆ ಕಟ್ಟೋಕೆ ಅಪ್ಪ ತಂದದ್ದು ಅಟ್ಟದ ಮೇಲಿದ್ದ ಹಳೇ ನೈಲಾನ್ ಹಗ್ಗ.

ನನಗೆ ಅನುಮಾನ ಬಂತು. ಆದರೆ ಬಸ್ ಎಂಜಿನ್ ಎತ್ತಿದವರಿಗೆ ನಾನು ಹೇಗೆ ಹೇಳೋದು? ಸುಮ್ಮನಾದೆ.

ಚೈನ್ ಬಿಗಿಯಾಗಿ ಭಾರ ಹಿಡಿದ ಮೇಲೆ ಮೌಂಟಿಂಗ್ ಬೋಲ್ಟ್ ಬಿಚ್ಚಿದರು. ಎಂಜಿನ್ ನಿಧಾನಕ್ಕೆ ಮೇಲೆದ್ದಿತು. ಅರ್ಧಕ್ಕೆ ಎಲ್ಲೋ ಎಳೆದ ಹಾಗಾಯ್ತು. ಅರ್ತ್ ವೈರ್ ಒಂದು ಬಿಚ್ಚೋದು ಮರೆತಿತ್ತು. ‘ಒಂದ್ನಿಮಿಷ’ ಅಂತ ಅಪ್ಪ ಬಗ್ಗಿ ತೂಗುತ್ತಿದ್ದ ಎಂಜಿನ್ ಕೆಳಗೆ ಕೈ ಹಾಕಿದರು. ಅದೇ ಹೊತ್ತಿಗೆ ಹಗ್ಗದ ಗಂಟು ಜರುಗೋದು ನನ್ನ ಕಣ್ಣಿಗೆ ಬಿತ್ತು.

‘ಕೈ ತೆಗಿ ಅಪ್ಪಾ!’

ಯಾವತ್ತೂ ‘ನೀವು’ ಅನ್ನುವ ನಾನು ಹಾಗೆ ಕಿರುಚಿದ್ದೆ. ಅಪ್ಪ ಬೆಚ್ಚಿ ಕೈ ಎಳೆದುಕೊಂಡರು. ಎಂಜಿನ್ ಒಂದು ಗೇಣು ಕುಸಿದು ಕಬ್ಬಿಣಕ್ಕೆ ಬಡಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಅಮ್ಮ ತಂದ ಕಾಫಿ ಹಿಡಿದಾಗ ಅಪ್ಪನ ಬೆರಳು ನಡುಗುತ್ತಿತ್ತು. ‘ಹಗ್ಗ ನೋಡಿದಾಗ್ಲೇ ಹೇಳ್ಬೇಕಿತ್ತು ಅಪ್ಪ’ ಅಂದೆ. ‘ಹೇಳಿದ್ರೆ ನಾನು ಕೇಳ್ತಿದ್ನಾ?’ ಅಂದ್ರು. ಅದೂ ನಿಜ.

ಎಂಜಿನ್ ಮತ್ತೆ ಕಾರಲ್ಲೇ ಕೂರಿಸಿ, ಪೇಟೆಗೆ ಹೋಗಿ ಒಂದು ಟನ್ ತಡೆಯುವ ಕಬ್ಬಿಣದ ಸರಪಳಿ, ಕೊಕ್ಕೆ ತಂದೆವು. ಭಾನುವಾರ ಎಂಜಿನ್ ಹೊರಬಂತು. ಗಾಳಿಯಲ್ಲಿ ಬಿಡದೆ, ತಕ್ಷಣ ಹಳೇ ಟೈರ್ ಮೇಲೆ ಇಳಿಸಿದೆವು.

ತಿಂಗಳಾದ ಮೇಲೆ, ಅದನ್ನು ವಾಪಸ್ ಕೂರಿಸುವ ದಿನ, ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ಅಪ್ಪ ಹೇಳಿದ್ದು ಒಂದೇ ಮಾತು: ‘ಅನುಮಾನ ಬಂದ್ರೆ ಮೊದಲೇ ಕೂಗು ಮಗಳೇ. ನಾನು ನಿಲ್ಲಿಸ್ತೀನಿ.’