ದ್ವಾರಪಾಲಕರು

ನಮ್ಮದೇ ಮನೆಯಲ್ಲಿ, ನಮ್ಮದೇ ದುಡ್ಡಿನಿಂದ ತಂದಿಟ್ಟ ಪೆಟ್ಟಿಗೆಯೊಂದು "ನಿಮಗೆ ಪ್ರವೇಶವಿಲ್ಲ" ಎಂದುಬಿಟ್ಟರೆ ಯಜಮಾನನೆನ್ನಿಸಿಕೊಂಡವನಿಗೆ ಹೇಗಾಗಬೇಡ! ವೈಕುಂಠದ ಬಾಗಿಲಲ್ಲಿ ಜಯವಿಜಯರು ಸನಕಾದಿಗಳನ್ನು ತಡೆದರಂತೆ. ಆ ಋಷಿಗಳಿಗೆ ಶಾಪ ಕೊಡುವ ಶಕ್ತಿಯಾದರೂ ಇತ್ತು. ನನ್ನಂಥ ನಿವೃತ್ತ ಗುಮಾಸ್ತನ ಶಾಪಕ್ಕೆ ಯಾವ ಕಂಪ್ಯೂಟರು ಹೆದರೀತು?

ನಮ್ಮ ಮನೆಯಲ್ಲಿ ಕಂಪ್ಯೂಟರುಗಳು ಮೂರು: ನನ್ನದು, ನನ್ನಾಕೆಯದು, ಮಗಳದು. ಮೂರರಲ್ಲಿ ಇರುವುದೆಲ್ಲದರ ಒಂದೊಂದು ಪ್ರತಿ ರಾತ್ರಿ 2 ಗಂಟೆಗೆ ತಾನಾಗಿಯೇ ಹೋಗಿ ನಡುಮನೆಯ ಕಪಾಟಿನಲ್ಲಿರುವ ಪೆಟ್ಟಿಗೆಯನ್ನು ಸೇರಬೇಕೆಂದು ಏರ್ಪಾಡು. ಬ್ಯಾಕಪ್ ಎನ್ನುವುದು ಇದನ್ನೇ. ನನ್ನ ಕಂಪ್ಯೂಟರಿನಲ್ಲಿ ಉಳಿಸಬೇಕಾದ ಘನವಾದ ವಸ್ತು ಏನೂ ಇಲ್ಲ. ಆದರೆ ನನ್ನಾಕೆಯದರಲ್ಲಿ ನಮ್ಮ ತಾಯಿಯವರು ತೀರಿಕೊಳ್ಳುವ ಹಿಂದಿನ ವರ್ಷ ಹಾಡಿದ ಹನ್ನೊಂದು ಹಸೆಹಾಡುಗಳಿವೆ. ಅಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಹಾಡುಗಳು ಬಾಯಲ್ಲಿದ್ದವು, ಅಷ್ಟೆ. ನನ್ನಾಕೆ ದಿನವೂ ಸಂಜೆ ಅವನ್ನು ಕೇಳಿ ಕೇಳಿ ಒಂದೊಂದೇ ನುಡಿಯನ್ನು ಬರೆದಿಡುತ್ತಿದ್ದಾಳೆ.

ಬೆಳಿಗ್ಗೆ ನೋಡಿದರೆ ಅವಳ ಕಂಪ್ಯೂಟರು ಮಾತ್ರ "ಅನುಮತಿ ಇಲ್ಲ" ಎಂದು ಬರೆದುಕೊಂಡು ಕೂತಿತ್ತು. ವಿಚಿತ್ರವೆಂದರೆ, ಹಗಲು ಅವಳೇ ಕೈಯಾರೆ ಒಂದು ಕಡತವನ್ನು ಆ ಪೆಟ್ಟಿಗೆಗೆ ಹಾಕಿದರೆ ಯಾವ ತಕರಾರೂ ಇಲ್ಲದೆ ಹೋಗುತ್ತದೆ! ಹಾಗಾದರೆ ದಿನವೂ ಕೈಯಿಂದಲೇ ಹಾಕಬಹುದಲ್ಲ ಎನ್ನುತ್ತೀರಿ. ಹಾಕಬಹುದು, ನಾಲ್ಕು ದಿನ. ಐದನೆಯ ದಿನ ಮನೆಗೆ ನೆಂಟರು ಬರುತ್ತಾರೆ.

ಮಗಳು ಗುಟ್ಟು ಬಿಡಿಸಿದಳು. "ಅಪ್ಪ, ಹಗಲು ಆ ಬಾಗಿಲಿಗೆ ಹೋಗುವವಳು ಅಮ್ಮ. ರಾತ್ರಿ ಹೋಗುವವನು ಬೇರೆ."

ವಿಷಯ ಇಷ್ಟೆ. ರಾತ್ರಿಯ ಬ್ಯಾಕಪ್ ನಮ್ಮ ಹೆಸರಿನಲ್ಲಿ ನಡೆಯುವುದಿಲ್ಲ. ವಿಂಡೋಸ್ 'ಸಿಸ್ಟಮ್' ಎಂಬ ತನ್ನದೇ ಆಳಿನ ಹೆಸರಿನಲ್ಲಿ ಅದನ್ನು ನಡೆಸುವುದುಂಟು. ಈ ಆಳು ಹೊರಗೆ ಹೋದಾಗ ಕೊಡುವ ಗುರುತು ಯಂತ್ರದ್ದು. ಪೆಟ್ಟಿಗೆಗೆ ಅವನ ಪರಿಚಯವಿಲ್ಲ. ಮೇಲಾಗಿ, ಪೆಟ್ಟಿಗೆಗೆ ನಾವು ಇಟ್ಟುಕೊಂಡಿರುವ 'ಝಡ್' ಎಂಬ ಅಡ್ಡಹೆಸರು ನನ್ನಾಕೆಗೆ ಮಾತ್ರ ಗೊತ್ತು, ಅವನಿಗೆ ಗೊತ್ತಿಲ್ಲ. ಆದ್ದರಿಂದ ಪೆಟ್ಟಿಗೆಯ ಹೆಸರು, ಒಳಗಿನ ಕೋಣೆಯ ಹೆಸರು ಸೇರಿಸಿ ಪೂರ್ಣ ವಿಳಾಸವನ್ನೇ ಬರೆಯಬೇಕು. 'ಉಗ್ರಾಣಿ' ಎಂಬ ಹೊಸ ಹೆಸರೊಂದನ್ನು ಪೆಟ್ಟಿಗೆಯಲ್ಲಿ ದಾಖಲು ಮಾಡಿ, ಅದರ ಗುಪ್ತಪದವನ್ನು ಬ್ಯಾಕಪ್ ಮಾಡುವ ತಂತ್ರಾಂಶಕ್ಕೆ ಒಪ್ಪಿಸಬೇಕು. ಮಗಳು ಹಾಗೆಯೇ ಮಾಡಿದಳು.

ಮರುದಿನವೂ ಅದೇ ಹಾಡು! ಈ ಸಲದ ಕಾರಣ ಬೇರೆ. ಅಲ್ಲಿ ಬಾಗಿಲುಗಳು ಎರಡು: ಹೊರಗೆ ಹಂಚಿಕೆಯ ಅನುಮತಿ, ಒಳಗೆ ಕಡತಕೋಶದ ಅನುಮತಿ. ಎರಡರಲ್ಲಿ ಯಾವುದು ಬಿಗಿಯೋ ಅದರದೇ ಮಾತು. ಹೊರಬಾಗಿಲವನು "ಬಾ, ಬರೆ" ಎಂದರೂ ಒಳಬಾಗಿಲವನು "ಓದು, ಬರೆಯಬೇಡ" ಎನ್ನುತ್ತಿದ್ದ. ಅವನನ್ನೂ ಒಪ್ಪಿಸಿದ್ದಾಯಿತು.

ಈ ನಡುವೆ ಪಕ್ಕದ ಮನೆಯ ರಾಯರು ಸುಲಭೋಪಾಯ ಹೇಳಿದ್ದರು: "ಎಲ್ಲರಿಗೂ ಪೂರ್ಣಾಧಿಕಾರ ಕೊಟ್ಟುಬಿಡಿ ಸ್ವಾಮಿ, ನಿಮ್ಮ ಮನೆಯೇ ತಾನೆ!" ಮಾತು ಉದಾರವಾದದ್ದು. ಆದರೆ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪೀಡೆ ಇಂಥ ಹಂಚಿಕೆಯ ಹಳೆಯ ವಿಧಾನದಲ್ಲಿದ್ದ ದೋಷದಿಂದಲೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಸುಲಿಗೆ ಕೇಳಿತು. ಇಂಥ ಪೀಡೆ ನಮ್ಮ ಹೆಸರಿನಲ್ಲೇ ಓಡಾಡುತ್ತದೆ. ನಾವು ತಿದ್ದಬಲ್ಲದ್ದನ್ನೆಲ್ಲ ಅದೂ ಕೆಡಿಸಬಲ್ಲುದು. ಎಲ್ಲರಿಗೂ ಬಾಗಿಲು ತೆರೆದರೆ ಮೂಲದ ಜೊತೆಗೆ ಪ್ರತಿಯೂ ಹೋಯಿತು. ಗುಪ್ತಪದವಿಲ್ಲದೆ ಬರುವ ಅತಿಥಿಯನ್ನು ವಿಂಡೋಸ್ 11ರ ವೃತ್ತಿಪರ ಆವೃತ್ತಿಯೂ 2024ರಿಂದ ತಾನಾಗಿ ಒಪ್ಪುವುದಿಲ್ಲ. ಆದ್ದರಿಂದ ನಮ್ಮಲ್ಲಿ ಈಗ ಬರೆಯುವ ಅಧಿಕಾರ ಉಗ್ರಾಣಿಗೆ ಮಾತ್ರ. ನಾವು ಮೂವರೂ ಓದಬಹುದು, ತಿದ್ದುವಂತಿಲ್ಲ. ಯಜಮಾನನಿಗೂ ವಿನಾಯಿತಿಯಿಲ್ಲ.

ಹೋಗಿ ಸೇರಿದ್ದು ಮರಳಿ ಬಂದೀತೇ ಎಂಬುದು ನನ್ನಾಕೆಯ ಪ್ರಶ್ನೆ. ಮೊನ್ನೆ ರಾತ್ರಿ ಮಗಳು ತನ್ನ ಕಂಪ್ಯೂಟರಿನಲ್ಲಿ, ಪೆಟ್ಟಿಗೆಯಿಂದಲೇ ಒಂದು ಹಾಡನ್ನು ತೆಗೆದು ಹಾಕಿದಳು. ಅಮ್ಮನ ದನಿ ಬಂತು. ಎರಡನೆಯ ನುಡಿಯ ನಡುವೆ ಕೆಮ್ಮು ಬಂದು ಅವರು ನಿಂತದ್ದು, "ಸ್ವಲ್ಪ ನೀರು ಕೊಡಮ್ಮ" ಎಂದದ್ದು, ಲೋಟ ಕೆಳಗಿಟ್ಟ ಸದ್ದು, ಎಲ್ಲವೂ ಇದ್ದವು. ನನ್ನಾಕೆ ಪುಸ್ತಕ ತೆರೆದು ಮೂರನೆಯ ನುಡಿಗೆ ಕಾದು ಕೂತಳು.