ಹಳೆ ಪಿಕಪ್ ಕೊಳ್ಳುವಾಗ ಅದು ಏನು ಹೊತ್ತಿತ್ತು ಅಂತ ಕೇಳಿ

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಸ್ವಂತ ದುಡಿಮೆ ಶುರು ಮಾಡಬೇಕೆನ್ನುವ ಹುಡುಗರಿಗೆ ಮೊದಲು ಕಣ್ಣಿಗೆ ಬೀಳುವುದು ಪಿಕಪ್. ಕಬ್ಬಿನ ಬೀಜ, ಬೆಲ್ಲ, ಗೊಬ್ಬರ, ಸೀರೆ ಗಂಟು, ಮೇವು, ಮದುವೆ ಸಾಮಾನು, ಹೀಗೆ ವರ್ಷವಿಡೀ ಏನಾದರೊಂದು ಬಾಡಿಗೆ ಇದ್ದೇ ಇರುತ್ತದೆ. ಆದರೆ ಹೊಸ ಗಾಡಿ ತೆಗೆಯುವಷ್ಟು ದುಡ್ಡು ಬಹಳ ಜನರ ಹತ್ತಿರ ಇಲ್ಲ. ಹಾಗಾಗಿ ಆರೇಳು ವರ್ಷ ಓಡಿದ ಬೊಲೆರೊ ಪಿಕಪ್, ಇಲ್ಲವೇ ದೋಸ್ತ್, ಅದೂ ಎಟುಕದಿದ್ದರೆ ನಾವು ಛೋಟಾ ಹಾಥಿ ಎನ್ನುವ ಟಾಟಾ ಏಸ್. ತಂದ ಗಾಡಿ ಕೈಕೊಟ್ಟರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಅಡವಿಟ್ಟ ಬಂಗಾರ ಹರಾಜಿಗೆ ಹೋಗುತ್ತದೆ. ಆ ಹರಾಜಿನ ಜಾಹೀರಾತು ಪೇಪರಿನಲ್ಲಿ ನಾನು ಕಳಿಸಿದ ಸುದ್ದಿಯ ಕೆಳಗೇ ಬಂದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಈ ವರ್ಷ ನಮ್ಮ ಅಕ್ಕನ ಮಗ ಗಾಡಿ ಹುಡುಕಲು ಹೊರಟ. ಐದು ವರ್ಷ ಬೇರೆಯವರ ಪಿಕಪ್ ಓಡಿಸಿದ್ದಾನೆ, ಈಗ ತನ್ನದೇ ಬೇಕು. ಅಕ್ಕ ಬಂಗಾರ ಅಡವಿಟ್ಟು 2 ಲಕ್ಷ ತಂದಳು, ಉಳಿದದ್ದು ಸೊಸೈಟಿ ಸಾಲ. “ಮಾಮಾ, ನೀವು ನಾಕ ಮಂದೀನ ಕೇಳಾವ್ರು, ನನ್ನ ಜೋಡಿ ಬರ್ರಿ” ಅಂದ. ಎಂಜಿನ್ ವಿಷಯ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ನನಗೆ ಬರುವುದು ಕೇಳುವ ಕೆಲಸ, ಕೇಳಿದ್ದನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡುವ ಕೆಲಸ. ಒಂದು ತಿಂಗಳಲ್ಲಿ ನಾಲ್ಕೂ ತಾಲ್ಲೂಕು ಸುತ್ತಿ ಏಳು ಗಾಡಿ ನೋಡಿದೆವು. ಆ ತಿರುಗಾಟದಲ್ಲಿ ತಿಳಿದದ್ದು ಇನ್ನೊಬ್ಬರಿಗೂ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಮೀಟರ್ ನೋಡುತ್ತಾರೆ. ನಾವು ನೋಡಿದ ಏಳರಲ್ಲಿ ಐದು ಗಾಡಿಯ ಮೀಟರ್ 80,000 ಕಿ.ಮೀ. ಆಸುಪಾಸಿನಲ್ಲೇ ಇತ್ತು. ಲೆಕ್ಕ ಹಾಕಿ ನೋಡಿ. ದುಡಿಯುವ ಗಾಡಿ ದಿನಕ್ಕೆ 100 ಕಿ.ಮೀ. ಓಡಿದರೆ, ವರ್ಷಕ್ಕೆ 300 ದಿನ ಅಂತ ಹಿಡಿದರೂ 30,000 ಆಯಿತು. ಏಳು ವರ್ಷಕ್ಕೆ 2 ಲಕ್ಷ ದಾಟಬೇಕು. ಮೀಟರ್ ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಅದಕ್ಕೇ ನಾವು ಮೀಟರ್ ಬಿಟ್ಟು ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್, ಸ್ಟೇರಿಂಗ್ ಸವೆದು ಹೊಳೆಯುವ ಜಾಗ, ಡ್ರೈವರ್ ಸೀಟು ಕುಸಿದ ರೀತಿ ನೋಡತೊಡಗಿದೆವು. ಹಳೆ ಗಾಡಿಯಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಸದಿದ್ದರೆ ಅದನ್ನು ಯಾವಾಗ ಯಾಕೆ ಬದಲಿಸಿದರು ಅಂತ ಕೇಳಬೇಕು.

ಆದರೆ ಕಿಲೋಮೀಟರಿಗಿಂತ ದೊಡ್ಡ ಪ್ರಶ್ನೆ ಹೊರೆಯದು. ನಮ್ಮ ಭಾಗದ ಗಾಡಿಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಯಾಕೆಂದರೆ ಹತ್ತಿಪ್ಪತ್ತು ಮೈಲಿಗೊಮ್ಮೆ ಇಲ್ಲಿ ಮಾಲೇ ಬೇರೆ. ರಬಕವಿ-ಬನಹಟ್ಟಿಯ ಗಾಡಿ ಸೀರೆ, ನೂಲು ಹೊತ್ತಿರುತ್ತದೆ. ಬಾಡಿ ತುಂಬಿದರೂ ತೂಕ ಮಿತಿಯೊಳಗೆ ಉಳಿಯುವುದೇ ಹೆಚ್ಚು. ಮುಧೋಳ, ಲೋಕಾಪುರ ಕಡೆ ಸುಣ್ಣದ ಕಲ್ಲು, ಸಿಮೆಂಟು. ಅಲ್ಲಿಯ ಗಾಡಿಗೆ ಭಾರವೂ ಹೆಚ್ಚು, ಧೂಳೂ ಹೆಚ್ಚು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ಮೀನು ಸಾಗಿಸಿದ ಒಂದು ಗಾಡಿ ನೋಡಿದೆವು. ಮಂಜುಗಡ್ಡೆ ಕರಗಿದ ನೀರು ಇಳಿದಿಳಿದು ಬಾಡಿಯ ತಳ ಬೆರಳಿನಿಂದ ಒತ್ತಿದರೆ ಉದುರುತ್ತಿತ್ತು. ಗೊಬ್ಬರದ ಚೀಲ ಸಾಗಿಸಿದ ಗಾಡಿಯದೂ ಇದೇ ಕತೆ. ಯೂರಿಯಾ ಚೆಲ್ಲಿದ ಕಡೆ ತೇವ ಹಿಡಿದು ಕಬ್ಬಿಣ ತಿನ್ನುತ್ತದೆ. ಮೇಲೆ ಹೊಸ ಬಣ್ಣ ಹೊಡೆದಿದ್ದರೆ ಕೆಳಗೆ ಮಲಗಿ ನೋಡದ ಹೊರತು ಗೊತ್ತಾಗುವುದಿಲ್ಲ.

ಹೊರೆಯ ಗುರುತು ಇರುವುದು ಪಾಟಾದಲ್ಲಿ, ಅಂದರೆ ಹಿಂದಿನ ಅಚ್ಚಿನ ಮೇಲೆ ಒಂದರ ಮೇಲೊಂದು ಕೂಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಲ್ಲಿ. ಖಾಲಿ ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದೆಯೇ? ಪಾಟಾದ ಬಾಗು ಹೋಗಿ ನೆಟ್ಟಗಾಗಿದೆಯೇ? ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಇವೆಯೇ? ಮುಧೋಳದಲ್ಲಿ ಮಾರುವವರೊಬ್ಬರು “ಎರಡ ಪಾಟಾ ಹೆಚ್ಚಿಗಿ ಹಾಕ್ಸೀವ್ರಿ ಸರ, ಗಾಡಿ ಗಟ್ಟಿ ಆಗೇತಿ” ಅಂತ ಖುಷಿಯಿಂದಲೇ ಹೇಳಿದರು. ಪಾಟಾ ಹೆಚ್ಚಿಸಿದರೆ ಗಾಡಿ ಕೆಳಗೆ ಕೂರುವುದಿಲ್ಲ, ನಿಜ. ಆದರೆ ಚಾಸಿ, ಅಚ್ಚು, ಬೇರಿಂಗ್, ಬ್ರೇಕು ಹಳೆಯವೇ. ಹೆಚ್ಚಿನ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಪಾಟಾ ಕೂಡಿಸಿದ ಜಾಗದ ಹತ್ತಿರ ಚಾಸಿಯಲ್ಲಿ ಬಿರುಕು, ವೆಲ್ಡಿಂಗ್ ಗುರುತು, ಅಷ್ಟೇ ಜಾಗಕ್ಕೆ ಹೊಡೆದ ಹೊಸ ಬಣ್ಣ ಕಂಡರೆ ಆ ಗಾಡಿ ಬಿಟ್ಟು ಬನ್ನಿ.

ಅದೇ ಗಾಡಿಯ ವಿಷಯವನ್ನು ನಾನು ಮಾಲು ತುಂಬುವ ಕಡೆ ಹೋಗಿ ಹಮಾಲರ ಹತ್ತಿರ ಕೇಳಿದೆ. ಅವರಿಗೆ ಗಾಡಿಯ ನಂಬರ್ ಬಾಯಿಪಾಠ. “ಅದಕ್ಕ ಅರವತ್ತ ಚೀಲ ಸಿಮೆಂಟ್ ಹಾಕ್ತೀವ್ರಿ” ಅಂದರು. ಚೀಲಕ್ಕೆ 50 ಕೆಜಿ ಅಂದರೆ 60 ಚೀಲಕ್ಕೆ 3 ಟನ್. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ಮಾಲು ಸೇರಿದ ಒಟ್ಟು ತೂಕ ಎರಡೂ ಬರೆದಿರುತ್ತವೆ. ಎರಡರ ನಡುವಿನ ವ್ಯತ್ಯಾಸವೇ ಅದು ಹೊರಬಹುದಾದ ಭಾರ. ಆ ಗಾಡಿಗೆ ಅದು ಒಂದೂವರೆ ಟನ್ ಕೂಡ ಇರಲಿಲ್ಲ. ಮಾರುವವರು ಸುಳ್ಳು ಹೇಳಿರಲಿಲ್ಲ, ನಾವು ಕೇಳದಿದ್ದುದನ್ನು ಹೇಳಿರಲಿಲ್ಲ ಅಷ್ಟೇ.

ಇನ್ನೊಂದು ಎಚ್ಚರ ನೀರಿನದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಜಮಖಂಡಿ, ಮುಧೋಳ ಭಾಗದ ಊರುಗಳು ಮುಳುಗಿದ್ದನ್ನು ನಾವೆಲ್ಲ ವರದಿ ಮಾಡಿದ್ದೇವೆ. ಆಗಲೇ ಸಾಂಗ್ಲಿ, ಕೊಲ್ಹಾಪುರದಲ್ಲೂ ಮಹಾಪೂರ. ಅಂಥ ನೀರಿನಲ್ಲಿ ನಿಂತ ಗಾಡಿಗಳು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ನಮಗೊಂದು ಎಂಎಚ್-10, ಅಂದರೆ ಸಾಂಗ್ಲಿ ನೋಂದಣಿಯ ಪಿಕಪ್ ಉಳಿದವಕ್ಕಿಂತ 60,000 ಕಡಿಮೆಗೆ ಸಿಗುತ್ತಿತ್ತು. ಅಳಿಯ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಒಳಗಿನ ಅರ್ಧ ಗೇಣಿನಷ್ಟು ಪಟ್ಟಿಯಲ್ಲಿ ಒಣಗಿದ ಕೆಸರಿನ ಗೆರೆ. ಸೀಟಿನ ಕೆಳಗಿನ ಹಳಿ ತುಕ್ಕು, ಫ್ಯೂಸ್ ಡಬ್ಬಿಯ ಮೂಲೆಯಲ್ಲಿ ಸಣ್ಣ ರೇವೆ. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಆದರೆ ನೀರು ಕುಡಿದ ವೈರಿಂಗ್ ಯಾವತ್ತು ಎಲ್ಲಿ ನಿಲ್ಲಿಸುತ್ತದೆ ಹೇಳಲಾಗದು. ಮೇಲಾಗಿ ಬೇರೆ ರಾಜ್ಯದ ಗಾಡಿಗೆ ಅಲ್ಲಿಯ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. 60,000ದ ಉಳಿತಾಯ ಅಲ್ಲೇ ಕರಗುತ್ತಿತ್ತು.

ಎಂಜಿನ್ ನೋಡಲು ಹೇಳದೆ ಕೇಳದೆ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಮೊದಲೇ ಫೋನ್ ಮಾಡಿದರೆ ಗಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ. ತಣ್ಣಗಿದ್ದಾಗ ಎಷ್ಟು ಸಲ ತಿರುವಿದರೆ ಚಾಲೂ ಆಗುತ್ತದೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ಭಾರ ಎಳೆಯುವಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಚಾಲೂ ಇದ್ದಾಗ ಆಯಿಲ್ ಮುಚ್ಚಳ ಸಡಿಲಿಸಿ, ಅಲ್ಲಿಂದ ಭಕಭಕ ಹೊಗೆ ಬಂದರೆ ಎಂಜಿನ್ ಬಿಚ್ಚುವ ಖರ್ಚು ಹತ್ತಿರದಲ್ಲೇ ಇದೆ. ನಾವು ಪ್ರತಿ ಗಾಡಿಗೂ ಹತ್ತಾರು ಚೀಲ ಹೇರಿಸಿ ಓಡಿಸಿದೆವು. ಜಮಖಂಡಿಯಲ್ಲಿ ರಾಮತೀರ್ಥದ ಏರು ಇದೆಯಲ್ಲ, ಅಲ್ಲಿ ಮಾಲು ಹೇರಿದ ಗಾಡಿ ನಿಲ್ಲಿಸಿ ಮತ್ತೆ ಎತ್ತಿದರೆ ಕ್ಲಚ್ಚಿನ ಸ್ಥಿತಿ ತಿಳಿಯುತ್ತದೆ, ಇಳಿಯುವಾಗ ಬ್ರೇಕಿನದು. ಮಿಸ್ತ್ರಿಯನ್ನು ನೀವೇ ಕರೆದುಕೊಂಡು ಹೋಗಿ, ಅವನ ಕೂಲಿ ನೀವೇ ಕೊಡಿ. ಮಾರುವವರು ಕರೆಸಿದ ಮಿಸ್ತ್ರಿ ಒಳ್ಳೆಯವನೇ ಇರಬಹುದು, ಆದರೆ ಅವನಿಗೆ ನಾಳೆಯೂ ಕೆಲಸ ಕೊಡುವವರು ಅವರೇ.

ಬ್ರೇಕಿನ ಬಗ್ಗೆ ಇನ್ನೊಂದು ಮಾತು. “ಪಿಕಪ್ ಪಲ್ಟಿ” ಎಂಬ ತಲೆಬರಹದ ಸುದ್ದಿ ಎಷ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. ಹಿಂದೆ ಕುಳಿತವರು ಹೆಚ್ಚಾಗಿ ಕೂಲಿ ಹೆಣ್ಣುಮಕ್ಕಳು, ಇಲ್ಲವೇ ಮದುವೆ, ಜಾತ್ರೆಗೆ ಹೊರಟವರು. ಸರಕು ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ಸುಮ್ಮನೆ ಹತ್ತಿ ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲೇ ಹೇಳಿದೆ. ಅಳಿಯನಿಗೆ ಇದನ್ನು ಗಾಡಿ ತೆಗೆಯುವ ಮೊದಲೇ ಹೇಳಿದೆ. ಆದರೂ ಮಳೆ ಬರುವಾಗ ದಾರಿಯಲ್ಲಿ ಕೈ ಮಾಡಿದ ಮುದುಕಿಯನ್ನು ನಮ್ಮ ಕಡೆಯ ಯಾವ ಡ್ರೈವರೂ ಬಿಟ್ಟು ಹೋಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ಹಾಗಾಗಿ ಬ್ರೇಕಿನಲ್ಲಿ ಸಣ್ಣ ಅನುಮಾನ ಬಂದ ಗಾಡಿಯನ್ನೂ ಬೆಲೆ ಮಾತಾಡದೆ ಕೈಬಿಟ್ಟೆವು.

ಕಾಗದದಲ್ಲಿ ಮುಖ್ಯವಾದವು ಇಷ್ಟು. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಯೊಂದಿಗೆ ಹೊಂದಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನ, ಎಫ್‌ಸಿ, ವಿಮೆಯ ಅವಧಿ ನೋಡಿಕೊಳ್ಳಿ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ, ಆ ಖರ್ಚನ್ನೂ ಬೆಲೆಯಲ್ಲಿ ಹಿಡಿಯಿರಿ. ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೇಳಿ. ಹೆಸರು ಬದಲಿಸಲು ಫಾರ್ಮ್ 29 ಮತ್ತು 30ಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಸಹಿ ಮಾಡಬೇಕು. ನಮ್ಮಲ್ಲಿ ಒಂದು ಗಾಡಿ ಮೂರು ಕೈ ದಾಟಿದರೂ ಆರ್‌ಸಿ ಮೊದಲಿನವರ ಹೆಸರಿನಲ್ಲೇ ಇರುವುದುಂಟು. 2018ರಲ್ಲಿ ಸುಪ್ರೀಂ ಕೋರ್ಟ್, ಮಾರಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಹೇಳಿತು. ಅದನ್ನು ಹೇಳಿದರೆ ಮಾರುವವರೂ ಹೆಸರು ಬದಲಿಸಲು ತಾವೇ ಮುಂದೆ ಬರುತ್ತಾರೆ. ನಮಗೆ ಹಾಗೇ ಆಯಿತು.

ಕೊನೆಗೆ ತೆಗೆದದ್ದು ಬನಹಟ್ಟಿಯ 2018ರ ಗಾಡಿ, ಜಮಖಂಡಿಯದೇ ಕೆಎ-48 ನೋಂದಣಿ. 4,60,000ಕ್ಕೆ ಮಾತು ಮುಗಿಯಿತು. ಮೀಟರ್ 2,14,000 ತೋರಿಸುತ್ತಿತ್ತು, ಏಳರಲ್ಲಿ ಅದೇ ಹೆಚ್ಚು. ಸೀರೆ, ನೂಲು ಬಿಟ್ಟು ಬೇರೆ ಹೆಚ್ಚೇನೂ ಹೊತ್ತಿರಲಿಲ್ಲ ಅಂತ ಮಾಲೀಕರೂ ಹೇಳಿದರು, ಗಂಟು ಇಳಿಸುವವರೂ ಹೇಳಿದರು, ಪಾಟಾವೂ ಹಾಗೇ ಇತ್ತು. ಕ್ಲಚ್ ಪ್ಲೇಟ್ ಮತ್ತು ಮುಂದಿನ ಎರಡು ಟಯರ್ ಹಾಕಿಸಬೇಕಾಯಿತು. ಅದನ್ನು ಮೊದಲೇ ಕಂಡಿದ್ದರಿಂದ ಬೆಲೆಯಲ್ಲಿ ಇಳಿಸಿಕೊಂಡಿದ್ದೆವು.

ಈಗ ನಾಲ್ಕು ತಿಂಗಳಾಯಿತು. ಒಮ್ಮೆ ಬೆಲ್ಟ್ ಹರಿದು ಮಹಾಲಿಂಗಪುರದ ಹತ್ತಿರ ಅರ್ಧ ದಿನ ನಿಂತಿತು, ಅಷ್ಟೇ. ಹೋದ ವಾರ ಒಬ್ಬರು 50 ಚೀಲ ಸಿಮೆಂಟ್ ಒಂದೇ ಸಲಕ್ಕೆ ಒಯ್ಯಬೇಕು ಅಂದರು. ಎರಡು ಸಲ ಮಾಡೋಣ ಅಂದ ಅಳಿಯ. ಅವರು ಬೇರೆ ಗಾಡಿ ಕರೆದರು, ಆ ಬಾಡಿಗೆ ಹೋಯಿತು. ಸಂಜೆ ಅಕ್ಕ ಫೋನ್ ಮಾಡಿ, ಹೀಗೆ ಬಿಡುತ್ತ ಹೋದರೆ ಕಂತು ಹೇಗೆ ಅಂತ ಕೇಳಿದಳು. ಆ ತಿಂಗಳ ಕಂತು ಕಟ್ಟಿದ್ದಾನೆ, ಎರಡು ದಿನ ತಡವಾಗಿ.